ಮಾಲಕನಿಲ್ಲದ ಗಿರಣಿಯ ಬೊಮ್ಮಯ್ಯ

ಉತ್ತರ ಕನ್ನಡದ ಕರಾವಳಿಯ ಮಂಕಿ ಎಂಬ ಊರಿನ ಬೊಮ್ಮಯ್ಯ ನಾಯ್ಕ, ಒಂದೇ ಒಂದು ಸಲವನ್ನು ಬಿಟ್ಟರೆ, ಕಳೆದ ನಲವತ್ತು ವರ್ಷಗಳಲ್ಲಿ ಯಾರಿಗೂ ಏನನ್ನೂ ‘ಮಾಡು’ ಎಂದು ಹೇಳಿದವನಲ್ಲ. ಬಾ, ಹೋಗು, ಕೊಡು, ನಿಲ್ಲು ಎಂಬ ಕ್ರಿಯಾಪದದ ಬೋಳು ರೂಪಗಳನ್ನು, ವೈಯಾಕರಣರು ವಿಧ್ಯರ್ಥವೆಂದು ಹೆಸರಿಟ್ಟ ಆ ಆಜ್ಞೆಯ ಮಾತುಗಳನ್ನು, ಅವನು ತನ್ನ ನಾಲಿಗೆಯಿಂದ ಗಡೀಪಾರು ಮಾಡಿಬಿಟ್ಟಿದ್ದ. ಚಾದ ಅಂಗಡಿಯ ಬೆಂಚಿನ ಮೇಲೆ ಕುಳಿತು, ಯಾರನ್ನೂ ನೋಡದೆ, “ಒಂದು ಚಾ ಸಿಕ್ಕಿದ್ರೆ ಆಗ್ತಿತ್ತೇನ” ಎಂದು ಎದುರಿನ ಗೋಡೆಗೆ ಹೇಳಿದಂತೆ ಹೇಳುವನು. ಬಸ್ಸಿನ ಕಂಡಕ್ಟರಿಗೆ, “ಮಂಕಿಯಲ್ಲಿ ಇಳಿಯೂ ಆಲೋಚನೆ ಇದೆ” ಎಂದು ತಿಳಿಸುವನು. ಅದನ್ನು ಹರಟೆಯೆಂದು ಭಾವಿಸಿದ ಹೊಸ ಕಂಡಕ್ಟರನೊಬ್ಬ “ಹೌದಾ” ಎಂದು ಸುಮ್ಮನಾದದ್ದರಿಂದ, ಬೊಮ್ಮಯ್ಯ ಶಿರಾಲಿಯವರೆಗೂ ಹೋಗಿ, ಅಲ್ಲಿ ಇಳಿದವರ ಹಿಂದೆ ತಾನೂ ಇಳಿದು, ಎದುರು ಬಸ್ಸು ಹಿಡಿದು ಮರಳಿದ್ದುಂಟು.

ಅರವತ್ತಾರು ವರ್ಷದ ಅವನನ್ನು ನಾನಿಲ್ಲಿ ಏಕವಚನದಲ್ಲಿ ಬರೆಯುತ್ತಿರುವುದು ಅಗೌರವದಿಂದಲ್ಲ. ಬಹುವಚನ ಅವನಿಗೆ ಸೇರುತ್ತಿರಲಿಲ್ಲ. ‘ನೀವು’ ಎಂದು ಯಾರಾದರೂ ಕರೆದರೆ, ಇನ್ನೊಬ್ಬರು ಯಾರಿದ್ದಾರೆಂದು ಹಿಂದೆ ತಿರುಗಿ ನೋಡುವ ಹಳೆಯ ಚೇಷ್ಟೆ ಅವನದು. ತೆಂಗಿನೆಣ್ಣೆಯ ಗಿರಣಿಯಲ್ಲಿ ಜೊತೆಗೆ ದುಡಿಯುವವರೆಲ್ಲ ತನ್ನನ್ನು ‘ನೀನು’ ಎಂದರೆ ಸಂತೋಷ ಎಂದು ಅವನು ಸೂಚಿಸಿದ್ದ. ಅದನ್ನು ನಿಜವಾಗಿ ನಡೆಸಿದವಳು ಅಲ್ಲಿ ಕೊಬ್ಬರಿ ಒಣಗಿಸುವ ಬಂಗಾರಿ ಒಬ್ಬಳೇ.

ಎತ್ತರದ, ಒಣಕಲು ದೇಹ. ಬೆನ್ನು ಸ್ವಲ್ಪ ಬಾಗಿದ್ದು, ನಡೆಯುವಾಗ ರಸ್ತೆಯ ಅಂಚಿಗೆ ಅಂಟಿಕೊಂಡು, ಎದುರು ಬಂದವರಿಗೆ ಅವರು ಕೇಳುವ ಮೊದಲೇ ದಾರಿ ಬಿಡುವ ನಡಿಗೆ. ಎರಡು ಕಿಸೆಯ ಖಾಕಿ ಅಂಗಿ. ಒಂದು ಕಿಸೆಯಲ್ಲಿ ಸ್ಕ್ರೂಡ್ರೈವರು, ಇನ್ನೊಂದರಲ್ಲಿ ಅಂಚು ಸವೆದ ಮರಾಠಿ ಪುಸ್ತಿಕೆ. ಗಿರಣಿಯಲ್ಲಿ ಕೂರಲು ಅವನೇ ಮಾಡಿದ, ಒಂದೇ ಎತ್ತರದ ನಾಲ್ಕು ಬೆಂಚುಗಳಿದ್ದವು. ಒಮ್ಮೆ ಯಾರೋ ಗಿರಾಕಿ ಪ್ರೀತಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಕೈಗಳಿರುವ ಕುರ್ಚಿ ಒಂದೇ ಇದ್ದರೆ ಅದರಲ್ಲಿ ಕೂತವನು ಒಂದು ವಾರದಲ್ಲಿ ಮಾಲಕನಾಗುತ್ತಾನೆ ಎಂಬುದು ಬೊಮ್ಮಯ್ಯನ ಸಿದ್ಧಾಂತ. ಕಬ್ಬಿಣ ಕೊಯ್ಯುವ ಗರಗಸ ತಂದು ಕುರ್ಚಿಯ ಎರಡೂ ಕೈಗಳನ್ನು ಕತ್ತರಿಸಿ, ಅಂಚು ಚುಚ್ಚದಂತೆ ಉಜ್ಜಿ, ಮತ್ತೆ ಅಲ್ಲೇ ಇಟ್ಟ.

ಈ ವಿಚಾರಗಳೆಲ್ಲ ಅವನಿಗೆ ಅಂಟಿಕೊಂಡದ್ದು ಮುಂಬಯಿಯಲ್ಲಿ. ಇಪ್ಪತ್ತರ ಹರೆಯದಲ್ಲಿ ಬಟ್ಟೆಯ ಮಿಲ್ಲೊಂದರಲ್ಲಿ ಫಿಟ್ಟರನಾಗಿದ್ದ ಅವನು, ಮಿಲ್ಲುಗಳ ದೀರ್ಘ ಮುಷ್ಕರದಲ್ಲಿ ಕೆಲಸ ಕಳೆದುಕೊಂಡ. ಮೊದಲು ಮಿಲ್ಲಿನ ಯಜಮಾನರು ಹೇಳಿದ್ದನ್ನು ಕೇಳಿದೆವು, ಆಮೇಲೆ ನಾಯಕರು ಹೇಳಿದ್ದನ್ನು ಕೇಳಿದೆವು, ಎರಡು ಸಲವೂ ಹಸಿದವರು ನಾವೇ ಎಂಬ ಅನುಭವ ಅವನ ಎದೆಯಲ್ಲಿ ಗಟ್ಟಿಯಾಗಿ ಕುಳಿತಿತು. ಆ ಹಸಿವಿನ ದಿನಗಳಲ್ಲಿ ಚಾಳಿನ ನೆರೆಯ ಪುಸ್ತಕ ಕಟ್ಟುವವನೊಬ್ಬ ಅವನಿಗೆ ಓದಲು ಕೊಟ್ಟ ಪುಸ್ತಿಕೆಗಳಲ್ಲಿ ಅರಾಜಕತಾವಾದವೆಂಬ ಶಬ್ದ ಸಿಕ್ಕಿತು. ಮುಂದೆ ಬೇರೆ ಬೇರೆ ವರ್ಕ್‌ಶಾಪುಗಳಲ್ಲಿ ದುಡಿದು, ಐವತ್ತರ ಗಡಿ ದಾಟಿ ಊರಿಗೆ ಮರಳಿದಾಗ, ಅವನ ಬಳಿ ಇದ್ದದ್ದು ಸ್ವಲ್ಪ ಗಳಿಕೆ, ಯಂತ್ರದ ವಿದ್ಯೆ ಮತ್ತು ಆ ಶಬ್ದ. ಮದುವೆಯಾಗಿರಲಿಲ್ಲ. ಮನೆಯ ಯಜಮಾನ ಅನ್ನಿಸಿಕೊಳ್ಳಲು ಹೆದರಿ ಮದುವೆಯಾಗಲಿಲ್ಲ ಎಂದು ಊರವರು ನಗುತ್ತಿದ್ದರು. ಅವನು ಅದನ್ನು ಅಲ್ಲಗಳೆಯುತ್ತಿರಲಿಲ್ಲ.

“ಅರಾಜಕ ಅಂದ್ರೆ ದೊಂಬಿ ಅಲ್ದಾ, ಬೊಮ್ಮಣ್ಣ?” ಎಂದು ಚಾದ ಅಂಗಡಿಯವನು ಕೇಳಿದಾಗ ಅವನು ಕೊಟ್ಟ ಉತ್ತರ ನನಗೆ ಇಂದಿಗೂ ನೆನಪಿದೆ: “ದೊಂಬಿ ಮಾಡೂಕೂ ಮುಂದೆ ಒಬ್ಬ ಬೇಕು. ಅವನೂ ಬ್ಯಾಡ ಅನ್ನೂದು.”

ಮಂಕಿಯ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹಂಚಿನ ಮಾಡಿನ ಬಾಡಿಗೆ ಕಟ್ಟಡದಲ್ಲಿ, ಕುಮಟಾದಿಂದ ತಂದ ಹಳೆಯ ಯಂತ್ರಗಳನ್ನು ಜೋಡಿಸಿ ತೆಂಗಿನೆಣ್ಣೆಯ ಗಿರಣಿ ಆರಂಭವಾಯಿತು. ಜೊತೆಗೆ ಮೂವರು ಸೇರಿದರು. ತೆಂಗಿನಕಾಯಿ ಒಡೆದು ಕೊಬ್ಬರಿ ಒಣಗಿಸಲು ಬಂಗಾರಿ. ಎರಡು ಹೆಣ್ಣುಮಕ್ಕಳನ್ನು ಕೂಲಿ ಮಾಡಿ ಸಾಕಿದ, ಅಕ್ಷರ ಬಾರದ, ನಲವತ್ತರ ವಿಧವೆ. ಯಂತ್ರ ನಡೆಸಲು ಉಮೇಶ. ಎಣ್ಣೆ ತುಂಬಿಸಿ, ಕಾಗದಪತ್ರ ನೋಡಿಕೊಳ್ಳಲು ಹೊನ್ನಾವರದ ಕಾಲೇಜಿನಲ್ಲಿ ಓದಿ ಮನೆಯಲ್ಲಿದ್ದ ಮಾಲಿನಿ. ನಾಲ್ವರಿಗೂ ಸಮಪಾಲು, ಯಾರೂ ಹೆಚ್ಚಲ್ಲ, ಯಾರೂ ಕಡಿಮೆಯಲ್ಲ. ಪ್ರತಿ ಸೋಮವಾರ ಮಧ್ಯಾಹ್ನ ಯಂತ್ರ ನಿಲ್ಲಿಸಿ ಎಲ್ಲರೂ ಅಂಗಳದಲ್ಲಿ ಕೂರುವುದು. ಎಲ್ಲರೂ ಒಪ್ಪಿದರೆ ಕೆಲಸ, ಒಬ್ಬರು ಒಲ್ಲೆ ಎಂದರೂ ಅದು ಬಿದ್ದುಹೋಯಿತು. ಇಷ್ಟೇ ಆ ಗಿರಣಿಯ ಸಂವಿಧಾನ.

ಎಣ್ಣೆ ಚೆನ್ನಾಗಿತ್ತು. ನನ್ನೂರು ಕರ್ಕಿಯಿಂದ ಕೊಬ್ಬರಿಯ ಚೀಲ ಹೊತ್ತು ನಾನೂ ಅಲ್ಲಿಗೇ ಹೋಗುತ್ತಿದ್ದೆ. ಒಂದು ದಿನ ಭಟ್ಕಳದ ನವಾಯತ ಮುಸ್ಲಿಂ ಸಮುದಾಯದ ವ್ಯಾಪಾರಿಯೊಬ್ಬರು ದೊಡ್ಡ ಪ್ರಮಾಣದಲ್ಲಿ ಎಣ್ಣೆ ಕೊಳ್ಳುವ ಮಾತಿಗೆ ಬಂದು, ಮಾಲಕರು ಯಾರೆಂದು ಕೇಳಿದರು. ಉಮೇಶ ಬೊಮ್ಮಯ್ಯನನ್ನು ತೋರಿಸಿದ, ಬೊಮ್ಮಯ್ಯ ಬಂಗಾರಿಯನ್ನು ತೋರಿಸಿದ, ಬಂಗಾರಿ ಒದ್ದೆ ಕೈ ಒರೆಸಿಕೊಂಡು ನಾಲ್ವರ ಕಡೆಗೂ ಕೈ ಬೀಸಿದಳು. ತಲೆತಿರುಗಿದವರಂತೆ ಹೊರಟುಹೋದ ಆ ವ್ಯಾಪಾರಿ ಮರುವಾರ ಮರಳಿ ಬಂದು ವ್ಯವಹಾರ ಕುದುರಿಸಿದರು. ದಾರಿಯುದ್ದಕ್ಕೂ ಯೋಚಿಸಿದರಂತೆ: ಮಾಲಕನೇ ಇಲ್ಲದ ಕಡೆ ಕಲಬೆರಕೆ ಮಾಡಿದರೆ ಅದರ ಲಾಭ ಯಾರಿಗೆ?

ಆದರೆ ಯಾರೂ ಯಜಮಾನನಲ್ಲದ ಆ ಗಿರಣಿಯಲ್ಲಿ ಬೊಮ್ಮಯ್ಯನ ಮಾತು ನಡೆಯುತ್ತಿರಲಿಲ್ಲ ಎಂದುಕೊಂಡರೆ ತಪ್ಪು. ಸೋಮವಾರದ ಕೂಟದಲ್ಲಿ ಯಾವ ವಿಷಯ ಬಂದರೂ ಉಳಿದ ಮೂವರ ಕಣ್ಣು ಮೊದಲು ಅವನ ಮುಖದ ಕಡೆಗೆ ಹೋಗುತ್ತಿತ್ತು. ಅದು ಅವನಿಗೆ ಹಿಂಸೆ. ಅದಕ್ಕಾಗಿ ಅವನು ತೆಂಗಿನ ಮರದ ಕಡೆ ಮುಖಮಾಡಿ, ಎಲ್ಲರಿಗೂ ಬೆನ್ನು ಕೊಟ್ಟು ಕೂರತೊಡಗಿದ. ಕ್ರಮೇಣ ಅವರು ಅವನ ಬೆನ್ನನ್ನು ಓದಲು ಕಲಿತರು. ಕತ್ತಿನ ಹಿಂಭಾಗ ತುರಿಸಿಕೊಂಡರೆ ಮನಸ್ಸಿಲ್ಲ, ಬಲಭುಜ ಇಳಿದರೆ ಒಪ್ಪಿಗೆ.

ಉಮೇಶ ಕೆಲಸಕ್ಕೆ ತಡವಾಗಿ ಬರುವ ಸ್ವಭಾವದವನು. ಎಂಟಕ್ಕೆ ಬಾ ಎಂದು ಅವನಿಗೆ ಹೇಳುವ ಹಕ್ಕು ಯಾರಿಗೂ ಇರಲಿಲ್ಲ. ಬೊಮ್ಮಯ್ಯ ಏನೂ ಹೇಳದೆ ತಾನೇ ಆರು ಗಂಟೆಗೆ ಬಂದು, ಉಮೇಶನ ಯಂತ್ರವನ್ನು ಒರೆಸಿ, ಎಣ್ಣೆ ಹಾಕಿ, ಅವನು ಬರುವ ಹೊತ್ತಿಗೆ ಅರ್ಧ ಕೆಲಸ ಮುಗಿಸಿ, ಮುಗುಳ್ನಕ್ಕು ಪಕ್ಕಕ್ಕೆ ಸರಿಯುತ್ತಿದ್ದ. ಮೂರು ವಾರ ಹೀಗೆ ನಡೆದ ಮೇಲೆ ಉಮೇಶ ಎಂಟಕ್ಕೆ ಐದು ನಿಮಿಷ ಇರುವಾಗಲೇ ಹಾಜರಾಗತೊಡಗಿದ. “ಬೈದಿದ್ರೆ ಬೇಕಿತ್ತು ಮಾರಾಯ್ರೆ. ಬೈಸಿಕೊಂಡವನು ಮನೆಗೆ ಹೋಗಿ ತಿರುಗಿ ಬೈಬಹುದು. ಇವರಿಗೆ ಎಂತ ಮಾಡೂದು?” ಎಂದು ಅವನು ನನ್ನೆದುರು ಹೇಳಿಕೊಂಡಿದ್ದ. ಆಜ್ಞೆಯನ್ನು ತ್ಯಜಿಸಿದವನ ಕೈಯಲ್ಲಿ ನಾಚಿಕೆಯೇ ಒಂದು ಬೆತ್ತವಾಗಬಲ್ಲದು ಎಂಬುದು ಬೊಮ್ಮಯ್ಯನಿಗೆ ತಿಳಿದಿರಲಿಲ್ಲವೆಂದೇ ನನ್ನ ನಂಬಿಕೆ. ತಿಳಿದಿದ್ದರೆ ಅವನು ಆರಕ್ಕೆ ಬರುವುದನ್ನೂ ಬಿಡುತ್ತಿದ್ದ.

ಸರಕಾರಕ್ಕೆ ಮಾತ್ರ ಬೆನ್ನು ತೋರಿಸಿ ಕೂರುವಂತಿರಲಿಲ್ಲ. ಗಿರಣಿ ಆರಂಭವಾದ ವರ್ಷವೇ ಪರವಾನಗಿಯ ಅರ್ಜಿಯಲ್ಲಿ ‘ಮಾಲಕರ ಹೆಸರು’ ಎಂಬಲ್ಲಿ ಬೊಮ್ಮಯ್ಯ ದುಂಡಗಿನ ಅಕ್ಷರಗಳಲ್ಲಿ ‘ಇಲ್ಲ’ ಎಂದು ಬರೆದುಕೊಟ್ಟಿದ್ದ. ಹೊನ್ನಾವರದ ಕಚೇರಿಯ ಗುಮಾಸ್ತ ಕನ್ನಡಕ ಏರಿಸಿ, “ತೀರಿಕೊಂಡ್ರಾ?” ಎಂದು ಕನಿಕರದಿಂದ ಕೇಳಿದನಂತೆ.

“ಹುಟ್ಟಲೇ ಇಲ್ಲ” ಎಂದ ಬೊಮ್ಮಯ್ಯ.

ಅರ್ಜಿ ಮೂರು ಸಲ ಮರಳಿ ಬಂತು. ನಾಲ್ವರ ಹೆಸರನ್ನೂ ಹಾಕಿ ಪಾಲುದಾರಿಕೆ ಮಾಡಿಕೊಳ್ಳಲು ಕಾನೂನಿನಲ್ಲಿ ದಾರಿಯಿದೆ ಎಂದು ಮಾಲಿನಿ ವಿಚಾರಿಸಿಕೊಂಡು ಬಂದಳು. ಸರಕಾರದ ಪುಸ್ತಕದಲ್ಲಿ ಮಾಲಕನೆಂದು ತನ್ನ ಹೆಸರು ಬರುವುದಕ್ಕೆ ತಾನು ಒಪ್ಪಲಾರೆನೆಂದು ಬೊಮ್ಮಯ್ಯ ಹೇಳಿದ. ಒಬ್ಬರು ಒಲ್ಲೆ ಎಂದರೆ ಮುಗಿಯಿತು. ಉಮೇಶನಿಗೆ ಕಚೇರಿಯೆಂದರೆ ಭಯ. ಮಾಲಿನಿಗೆ ಮದುವೆಯ ಮಾತುಕತೆ ನಡೆಯುತ್ತಿತ್ತು, ನಾಳೆ ಎಲ್ಲಿರುವೆನೋ ಎಂದು ಅವಳು ಹಿಂದೆಗೆದಳು. ಮೂರು ಸೋಮವಾರ ಚರ್ಚೆ ನಡೆಯಿತು. ಮೂರನೆಯ ಸೋಮವಾರ, ಕೊಬ್ಬರಿ ಮಗುಚುತ್ತಿದ್ದ ಬಂಗಾರಿ ಅಲ್ಲಿಂದಲೇ ಹೇಳಿದಳು: “ನಂದು ಹಾಕಿ. ನಂಗೆ ಎಂತ ಹೋಗೂದು?”

ಉಳಿದವರೆಲ್ಲ ನಕ್ಕರು. ಬೊಮ್ಮಯ್ಯ ಎಲ್ಲರಿಗಿಂತ ಹೆಚ್ಚು ನಕ್ಕ. ಹೆಬ್ಬೆಟ್ಟಿನ ಕೂಲಿ ಹೆಂಗಸೊಬ್ಬಳು ಗಿರಣಿಯ ಮಾಲಕಿಯೆಂದು ಸರಕಾರ ಮೊಹರು ಹೊಡೆದು ಒಪ್ಪಿಕೊಳ್ಳುವುದು, ಆಳುವ ವ್ಯವಸ್ಥೆಯನ್ನೇ ಅದರ ಕೈಯಿಂದ ಅಣಕಿಸಿದಂತೆ ಅವನಿಗೆ ಕಂಡಿತು. ಆ ಕಥೆಯನ್ನು ಅವನು ವರ್ಷಗಟ್ಟಲೆ ಚಾದ ಅಂಗಡಿಗಳಲ್ಲಿ ಹೇಳಿ ಸಂತೋಷಪಟ್ಟಿದ್ದಾನೆ. ಬಂಗಾರಿಯ ಫೋಟೋ ಇದ್ದ ಪರವಾನಗಿ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲೆ ತೂಗಿತು. ಊರವರು ಅವಳನ್ನು ತಮಾಷೆಗೆ ‘ಮಾಲಕಿ’ ಎಂದು ಕರೆದರು.

ಹದಿನಾಲ್ಕು ವರ್ಷ ಹೀಗೆ ಸಾಗಿತು, ಮಾಲಿನಿಯೂ ಗಿರಣಿ ಬಿಟ್ಟು ಹೋಗಲಿಲ್ಲ. ಕಳೆದ ವರ್ಷದ ಫೆಬ್ರುವರಿಯ ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ಕೊಬ್ಬರಿ ಚೂರು ಮಾಡುವ ಯಂತ್ರದ ಬಾಯಲ್ಲಿ ಸಿಕ್ಕಿಕೊಂಡ ತುಂಡನ್ನು ಒಳಗೆ ದೂಡಲು ಹೋಗಿ ಬಂಗಾರಿಯ ಬಲಗೈ ಸಿಕ್ಕಿತು. ಬೊಮ್ಮಯ್ಯ ಬಾಗಿಲಲ್ಲಿದ್ದ, ಸ್ವಿಚ್ಚು ಉಮೇಶನ ಪಕ್ಕದ ಗೋಡೆಯಲ್ಲಿ. “ನಿಲ್ಸು” ಎಂದು ಬೊಮ್ಮಯ್ಯ ಕೂಗಿದ. ಆ ಬಾಯಿಂದ ಅಂಥದೊಂದು ಮಾತು ಎಂದೂ ಕೇಳಿರದ ಉಮೇಶ, ಸ್ವಿಚ್ಚಿನ ಕಡೆಗೆ ನೋಡುವ ಮೊದಲು, ಒಂದು ಉಸಿರಿನಷ್ಟು ಹೊತ್ತು, ಅವನ ಮುಖ ನೋಡಿದ. ಆಮೇಲೆ ಯಂತ್ರ ನಿಂತಿತು.

ಉಡುಪಿಯ ಕಡೆಯ ಆಸ್ಪತ್ರೆಯಲ್ಲಿ ಕೈ ಉಳಿಯಿತು. ತೋರುಬೆರಳು, ನಡುಬೆರಳು ಉಳಿಯಲಿಲ್ಲ. ಆ ಒಂದು ಉಸಿರಿನಿಂದ ಏನೂ ವ್ಯತ್ಯಾಸವಾಗಿರಲಾರದು ಎಂದು ಡಾಕ್ಟರು ಉಮೇಶನಿಗೂ ಬೊಮ್ಮಯ್ಯನಿಗೂ ಬಿಡಿಸಿ ಹೇಳಿದರು. ಉಮೇಶ ನಂಬಿದ. ಬೊಮ್ಮಯ್ಯ ತಲೆಯಾಡಿಸಿದ, ನಂಬಲಿಲ್ಲ.

ಗಿರಣಿಯ ಕೆಲಸಗಾರರಿಗೆಂದು ಮಾಲಿನಿಯ ಒತ್ತಾಯದಿಂದ ಒಂದು ವಿಮೆ ಮಾಡಿಸಿದ್ದರು. ಅದರ ಕಾಗದ ಹಿಡಿದು ಬೊಮ್ಮಯ್ಯ ಮತ್ತು ಮಾಲಿನಿ ಹೊನ್ನಾವರದ ವಿಶ್ವನಾಥ ವಕೀಲರಲ್ಲಿಗೆ ಹೋದರು. ವಕೀಲರು ವಿಮೆಯ ಕಾಗದವನ್ನೂ ಪರವಾನಗಿಯ ಪ್ರತಿಯನ್ನೂ ಅಕ್ಕಪಕ್ಕ ಇಟ್ಟು ಎರಡು ಸಲ ಓದಿದರು.

“ವಿಮೆ ಇರೂದು ಕೆಲಸಗಾರರಿಗೆ. ಬಂಗಾರಿ ಮಾಲಕಿ” ಎಂದರು.

“ಅದು ಕಾಗದದಲ್ಲಿ ಮಾತ್ರ, ವಕೀಲ್ರೆ” ಎಂದಳು ಮಾಲಿನಿ.

“ನಂಗೆ ಕಾಗದ ಬಿಟ್ರೆ ಬೇರೆ ಎಂತ ಕಾಣ್ತದೆ, ತಂಗಿ? ಅವಳ ಗಿರಣಿಯಲ್ಲಿ ಅವಳದೇ ಕೈ ಹೋಗಿದೆ. ಪರಿಹಾರ ಯಾರ ಹತ್ರ ಕೇಳೂದು?”

ಒಂದು ದಾರಿ ಇದೆ ಎಂದು ಅವರೇ ಹೇಳಿದರು. ಗಿರಣಿಯ ನಿಜವಾದ ಮಾಲಕ ತಾನೇ, ಬಂಗಾರಿ ತನ್ನ ಕೈಕೆಳಗಿನ ಕೂಲಿಯಾಳು, ಪರವಾನಗಿಯಲ್ಲಿ ಅವಳ ಹೆಸರು ಬರೀ ತೋರಿಕೆಗೆ ಎಂದು ಬೊಮ್ಮಯ್ಯ ಪ್ರಮಾಣ ಮಾಡಿ ಬರೆದುಕೊಡಬೇಕು; ತಾನು ಕೂಲಿಯವಳೆಂದು ಅವಳೂ ಹೆಬ್ಬೆಟ್ಟು ಒತ್ತಬೇಕು. ಸುಳ್ಳು ಹೆಸರಿನಲ್ಲಿ ಗಿರಣಿ ನಡೆಸಿದ್ದಕ್ಕೆ ಬೊಮ್ಮಯ್ಯನ ಮೇಲೆ ಕ್ರಮ ಬರಬಹುದು. ಅದಕ್ಕೆ ಅವನು ಹೆದರುವವನಲ್ಲ. ಆದರೆ ತಾನು ಹದಿನಾಲ್ಕು ವರ್ಷ ಇಟ್ಟಿಗೆ ಇಟ್ಟು ಕಟ್ಟಿದ್ದನ್ನು ಒಂದು ಹಾಳೆಯಲ್ಲಿ ಸುಳ್ಳೆಂದು ಬರೆಯಬೇಕಿತ್ತು. ಬರೆಯದಿದ್ದರೆ ಎರಡು ಬೆರಳಿಲ್ಲದ ಹೆಂಗಸಿಗೆ ನ್ಯಾಯ ತಪ್ಪುತ್ತಿತ್ತು. ಮರಳುವ ಬಸ್ಸು ಶರಾವತಿಯ ಸೇತುವೆ ದಾಟುವಾಗ ಮಾಲಿನಿಯ ಕಡೆ ತಿರುಗಿ, “ಆ ದಿನ ಎಷ್ಟು ನಕ್ಕಿದ್ದೆ ಅಲ್ದಾ ನಾನು” ಎಂದನಂತೆ.

ಸೋಮವಾರ ಬಂತು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂಗಾರಿಯೂ ಬಂದಳು. ಅಂದು ಬೊಮ್ಮಯ್ಯ ಎಲ್ಲರ ಕಡೆಗೂ ಮುಖಮಾಡಿ ಕೂತಿದ್ದ. ವಕೀಲರು ಹೇಳಿದ್ದನ್ನೆಲ್ಲ ವಿವರಿಸಿ, “ನನ್ನ ಹೆಸರು ಬರೆಸಿದ್ರೆ ಆಗ್ತದೆ. ನಾನು ತಯಾರಿದ್ದೇನೆ” ಎಂದು ಮುಗಿಸಿದ. ಉಮೇಶ ಒಪ್ಪಿದ. ಮಾಲಿನಿ ಒಪ್ಪಿದಳು.

“ನಾ ಒಪ್ಪೂದಿಲ್ಲ” ಎಂದಳು ಬಂಗಾರಿ.

ಅವಳಿಗೆ ವಿಷಯ ಅರ್ಥವಾಗಿಲ್ಲವೆಂದು ತಿಳಿದು ಮಾಲಿನಿ ಮತ್ತೆ ವಿವರಿಸತೊಡಗಿದಳು. ಬಂಗಾರಿ ಎಡಗೈ ಎತ್ತಿ ತಡೆದಳು.

“ತಿಳೀತು ಮಗಾ. ನಾ ಕೂಲಿಯವಳು ಅಂತ ಬರೀಬೇಕು, ಹೌದಲ್ಲ? ಬೊಮ್ಮಣ್ಣಾ, ನೀ ಬ್ಯಾಡ ಅಂತ ಬಿಟ್ಟದ್ದನ್ನ ನಾ ಎತ್ಕೊಂಡೆ. ನೀವೆಲ್ಲ ನಗಾಡಿದ್ರಿ. ನಾ ನಗಾಡಲಿಲ್ಲ. ಒಂದೊಂದು ಕಾಗದನೂ ಈ ಮಾಲಿನಿ ಕೈಲಿ ಮೂರು ಮೂರು ಸಲ ಓದ್ಸಿ ಹೆಬ್ಬೆಟ್ಟು ಹಾಕಿದ್ದೇನೆ. ರಜೆ ದಿನ ಬೀಗ ನೋಡೂಕೆ ಬಂದವಳು ಯಾರು? ಕರೆಂಟಿನವ್ರು ಬಂದು ಮಾಲಕರು ಯಾರು ಅಂದ್ರೆ ಎದ್ದು ನಿಂತವಳು ಯಾರು? ಈಗ ಅದೆಲ್ಲ ತೋರಿಕೆ ಅಂತ ಬರೆದ್ರೆ, ಆ ಹದ್ನಾಲ್ಕು ವರ್ಷ ಎಂತ ಆತು?”

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ನೋಯುತ್ತಿದ್ದ ಕೈಯನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು, ಕೊಬ್ಬರಿಯ ಹದ ಹೇಳುವ ಧ್ವನಿಯಲ್ಲೇ ಹೇಳಿದ್ದಳು.

“ನಿನಗೆ ಬರಬೇಕಾದ್ದು ಬರೂದಿಲ್ಲ, ಬಂಗಾರಿ” ಎಂದ ಬೊಮ್ಮಯ್ಯ.

“ಇಲ್ಲದಿದ್ರೆ ಇಲ್ಲ.”

ಅವಳನ್ನು ಮೀರಿ ಬರೆದುಕೊಡುವುದು ಅವನಿಗೆ ಕಷ್ಟವಿರಲಿಲ್ಲ. ಅವಳು ಹಿಂಜರಿದರೆ ಹಾಗೆಯೇ ಮಾಡಲು ವಕೀಲರು ಮೊದಲೇ ಸಲಹೆ ಕೊಟ್ಟಿದ್ದರು: ಮೊದಲು ನೀವು ಬರೆದುಕೊಡಿ, ಆಮೇಲೆ ಅವಳು ದಾರಿಗೆ ಬರುತ್ತಾಳೆ. ಆದರೆ ಅವಳ ‘ಒಪ್ಪೂದಿಲ್ಲ’ವನ್ನು ತುಳಿದು, ಅವಳ ಒಳ್ಳೆಯದಕ್ಕಾಗಿ ತಾನೊಬ್ಬನೇ ತೀರ್ಮಾನಿಸಿದ ಕ್ಷಣದಲ್ಲಿ ಆ ಹಾಳೆಯ ಮೇಲಿನ ಸುಳ್ಳು ನಿಜವಾಗಿಬಿಡುತ್ತಿತ್ತು, ಅವನು ಮಾಲಕನೇ ಆಗಿಬಿಡುತ್ತಿದ್ದ. ಇದು ಅವನಿಗೆ ಹೊಳೆದದ್ದು ಅಲ್ಲೇ, ಆ ಬೆಂಚಿನ ಮೇಲೆ.

ಕಡೆಗೆ ದಾರಿ ತೋರಿದವಳೂ ಬಂಗಾರಿಯೇ. “ನನ್ನ ಹೆಸರು ತೆಗೆಯೂದು ಬ್ಯಾಡ. ಅದರ ಕೆಳಗೆ ನಿನ್ನ ಹೆಸರು ಬರಲಿ, ಇವರಿಬ್ಬರದೂ ಬರಲಿ. ನಾಳೆ ಉಮೇಶನ ಕೈ ಹೋದ್ರೆ ಕೇಳ್ತಾ ಬಂದವ್ರಿಗೆ ಉತ್ತರ ಹೇಳೂಕೆ ಎಲ್ಲರೂ ಬೇಕಲ್ದಾ? ನಾ ಒಬ್ಬಳೇ ಎಷ್ಟು ವರ್ಷ ಹೇಳೂದು?”

ಹದಿನಾಲ್ಕು ವರ್ಷಗಳ ಹಿಂದೆ ಮಾಲಿನಿ ತಂದಿದ್ದ, ಬೊಮ್ಮಯ್ಯ ಬೀಳಿಸಿದ್ದ ಸೂಚನೆಯೇ ಅದು. ಅಂದು ಅವನು ಉಳಿಸಿಕೊಂಡದ್ದು ತನ್ನ ಹೆಸರಿನ ಶುಭ್ರತೆಯನ್ನು. ಅದರ ಭಾರವನ್ನು ಹೊತ್ತದ್ದು ಓದು ಬಾರದ ಒಬ್ಬಳ ಹೆಬ್ಬೆರಳು. ಸರಕಾರದಿಂದ ಅವನು ಸ್ವತಂತ್ರನಾಗಿದ್ದ, ನಿಜ. ಸರಕಾರ ಬಂದು ಬಾಗಿಲು ತಟ್ಟಿದಾಗಲೆಲ್ಲ ಅವನ ಬದಲು ಅವಳು ಎದ್ದು ಹೋಗುತ್ತಿದ್ದಳು.

“ಆತು” ಎಂದ ಬೊಮ್ಮಯ್ಯ.

ಮುಂದಿನ ತಿಂಗಳು ಕುಮಟಾದ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಪಾಲುದಾರಿಕೆಯ ಪತ್ರ ಸಿದ್ಧವಾಯಿತು. ಬಂಗಾರಿ ಮೊದಲು ಹೆಬ್ಬೆಟ್ಟು ಒತ್ತಿದಳು. ಬೊಮ್ಮಯ್ಯ ತನ್ನ ಹೆಸರನ್ನು ಎಷ್ಟು ಸಣ್ಣಕ್ಷರದಲ್ಲಿ ಬರೆದನೆಂದರೆ ಸಲಹೆಗಾರರು ಕಣ್ಣು ಕಿರಿದು ಮಾಡಿ ನೋಡಿ, ಇದು ನಡೆಯುವುದಿಲ್ಲವೆಂದು ಇನ್ನೊಂದು ಪ್ರತಿ ತೆಗೆಸಿ ಮತ್ತೆ ಬರೆಸಿದರು. ಎರಡನೆಯ ಸಲ ಹೆಸರು ಓದುವಂತೆ ಬಂತು.

ವಿಮೆಯವರಿಂದ ಏನೂ ಬರಲಿಲ್ಲ. ಆಸ್ಪತ್ರೆಯ ಖರ್ಚನ್ನು ಗಿರಣಿಯೂ, ಬೊಮ್ಮಯ್ಯನ ಮುಂಬಯಿಯ ಗಳಿಕೆಯಲ್ಲಿ ಉಳಿದಿದ್ದ ಕೊನೆಯ ಪಾಲೂ ಸೇರಿ ತೀರಿಸಿದವು. ಕೆಲಸ ಮಾಡಲಾರದ ಏಳು ತಿಂಗಳೂ ಬಂಗಾರಿಗೆ ತನ್ನ ಸಮಪಾಲು ತಪ್ಪಲಿಲ್ಲ. ಆ ಮಾತು ಸೋಮವಾರದ ಕೂಟದಲ್ಲಿ ಚರ್ಚೆಗೇ ಬರಲಿಲ್ಲ. ಬೇರೆ ಯಾವ ಗಿರಣಿಯಲ್ಲೂ ಹೀಗೆ ನಡೆಯುತ್ತಿರಲಿಲ್ಲ ಎಂಬುದನ್ನು, ಬೊಮ್ಮಯ್ಯನ ಸಿದ್ಧಾಂತವನ್ನು ಪರಿಹಾಸ ಮಾಡುವವರಿಗೆ ನಾನು ನೆನಪಿಸುವುದುಂಟು. ಈಗ ಬಂಗಾರಿ ಎಡಗೈಯಲ್ಲಿ ಕತ್ತಿ ಹಿಡಿದು ಕಾಯಿ ಒಡೆಯಲು ಕಲಿತಿದ್ದಾಳೆ. ಬೊಮ್ಮಯ್ಯ ಮೊದಲಿನಂತೆಯೇ ಇದ್ದಾನೆ, ಸ್ವಲ್ಪ ಹೆಚ್ಚು ಮೌನಿ. ಯಾರಾದರೂ ಅವನನ್ನು ಮಾಲಕರೆಂದು ಕರೆದರೆ ತಿದ್ದಲು ಹೋಗುವುದಿಲ್ಲ. ಅವರು ಬಂದ ಕೆಲಸವೇನೆಂದು ವಿಚಾರಿಸುತ್ತಾನೆ.

ಅಧಿಕಾರವನ್ನು ಒಲ್ಲೆನೆನ್ನುವ ಜನ ನಮ್ಮ ನಡುವೆ ಬಹಳವಿಲ್ಲ. ಇದ್ದವರನ್ನು ನಾವು ಒಂದೋ ಸಂತರೆನ್ನುತ್ತೇವೆ, ಇಲ್ಲವೇ ಹುಚ್ಚರೆನ್ನುತ್ತೇವೆ, ಎರಡೂ ನಮಗೆ ಅನುಕೂಲ. ತಾವು ಕೆಳಗಿಟ್ಟ ಭಾರ ಲೋಕದಿಂದಲೇ ಇಲ್ಲವಾಯಿತೆಂದು ನಂಬುವ ಮುಗ್ಧತೆ ಇಂಥವರಲ್ಲಿ ಸಹಜ. ಅದನ್ನು ಸದ್ದಿಲ್ಲದೆ ಎತ್ತಿಕೊಂಡವರು ಪಕ್ಕದಲ್ಲೇ ಇರುತ್ತಾರೆ, ಸಾಮಾನ್ಯವಾಗಿ ಇವರಿಗಿಂತ ಬಡವರು, ಮತ್ತು ಆ ಕಡೆಗೆ ತಿರುಗಿ ನೋಡಲು ಇವರಿಗೆ ಬಹಳ ವರ್ಷ ಹಿಡಿಯುತ್ತದೆ. ಇದು ಇಂಥವರ ದೋಷ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ದುಡಿಯಲು ಬಂದ ಹೆಂಗಸೊಬ್ಬಳು ತನ್ನದೇ ಲಾಭದ ವಿಷಯದಲ್ಲಿ, ಎದುರಿಗೆ ಕುಳಿತು, ಒಪ್ಪುವುದಿಲ್ಲ ಎನ್ನುವಷ್ಟು ದೊಡ್ಡವಳಾಗಿ ಬೆಳೆದದ್ದು ಇಂಥವನೊಬ್ಬನ ಅಂಗಳದಲ್ಲಿ. ಒಳ್ಳೆಯ ಯಜಮಾನರನ್ನು ನಾನು ಹಲವರನ್ನು ಕಂಡಿದ್ದೇನೆ. ಅವರ ಆಳುಗಳು ಅವರನ್ನು ಕೈಮುಗಿದು ನೆನೆಯುತ್ತಾರೆ. ಅವರಲ್ಲಿ ಯಾರೊಬ್ಬರ ಎದುರೂ, ಯಾವ ಆಳೂ, ಆ ಮಾತನ್ನು ಹೇಳಿದ್ದನ್ನು ನಾನು ಕೇಳಿಲ್ಲ.